ಉಪ್ಪುನೀರಿಗೆ ಬಾಗಿಲು ತೆಗೆದ ಅಪ್ಪ

ಮೊದಲು ಹೋದದ್ದು ಹೆಸರುಗಳಲ್ಲ. ಮೊಮ್ಮಕ್ಕಳ ಹೆಸರು, ಕನ್ನಡಕ ಇಟ್ಟ ಜಾಗ, ಒಲೆಯ ಮೇಲಿನ ಹಾಲು, ಇವು ಮೊದಲು ಮರೆತುಹೋಗುತ್ತವೆ ಎಂದು ಇಂಥದೇ ಮನೆಗಳವರು ಆಮೇಲೆ ನನಗೆ ಹೇಳಿದ್ದಾರೆ. ನನ್ನ ಅಪ್ಪ ಮೊದಲು ಮರೆತದ್ದು ನೀರನ್ನು. ಚಳಿಗಾಲದ ಒಂದು ಬೆಳಿಗ್ಗೆ ಗಂಜಿ ಊಟಕ್ಕೆ ಕುಳಿತವರು ತಲೆಯೆತ್ತಿ ಅತ್ತಿಗೆಯನ್ನು ಕೇಳಿದರು: “ಈಗ ನೀರು ಏರ್ತದನೆ, ಇಳೀತದನೆ?”

ಅತ್ತಿಗೆ ತಮಾಷೆಯೆಂದು ನಕ್ಕಳು. ಅಣ್ಣ ನಗಲಿಲ್ಲ, ಕೈಯಲ್ಲಿದ್ದ ಬಟ್ಟಲನ್ನು ಸದ್ದಿಲ್ಲದೆ ಕೆಳಗಿಟ್ಟ. ಅಂದು ಸಂಜೆ ಅತ್ತಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ನಾನೂ ನಗಲಿಲ್ಲ.

ಕಾರಣ ಹೇಳಬೇಕು. ನನ್ನ ತವರುಮನೆ ಅಂಕೋಲೆಗೆ ತಾಗಿದ ಬೊಬ್ರುವಾಡದಲ್ಲಿದೆ. ಮನೆಯ ಹಿಂದಿನ ದಾರಿ ಹಿಡಿದು ಸಾಗಿದರೆ ಸಮುದ್ರದ ನೀರು ಹಳ್ಳದೊಳಕ್ಕೆ ಏರಿ ಬರುವ ಜಾಗ. ಅದರ ಬದಿಗೆ ಗಜನಿ. ಗಜನಿ ಎಂದರೆ ಉಬ್ಬರದ, ನಮ್ಮವರ ಮಾತಿನಲ್ಲಿ ಭರತಿಯ, ಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಬಯಲು. ಅದನ್ನು ಸಮುದ್ರದಿಂದ ಕಾಯುವುದು ಒಂದು ಮಣ್ಣಿನ ಕಟ್ಟೆ, ಮತ್ತು ಆ ಕಟ್ಟೆಯ ನಡುವೆ ಒಂದರ ಮೇಲೊಂದು ಹಲಗೆ ಇಳಿಬಿಟ್ಟು ಮಾಡಿದ ಬಾಗಿಲು. ಮಳೆಗಾಲದಲ್ಲಿ ಭತ್ತ ನಿಂತಿರುವಾಗ, ಹಳ್ಳದ ನೀರು ಇಳಿಯುವ ಹೊತ್ತಿಗೆ ಹಲಗೆ ಎತ್ತಿ ಗದ್ದೆಯ ಮಳೆನೀರನ್ನು ಹೊರಕ್ಕೆ ಬಿಡಬೇಕು. ಭರತಿ ತಿರುಗುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ಹೊರಗೇ ನಿಲ್ಲಿಸಬೇಕು. ಕೊಯ್ಲು ಮುಗಿದ ಮೇಲೆ ಕ್ರಮ ತಿರುವುಮುರುವಾಗುತ್ತದೆ. ಆಗ ಏರುವ ನೀರಿಗೇ ಬಾಗಿಲು ತೆಗೆಯಬೇಕು. ಅದರೊಡನೆ ನಾವು ಶೆಟ್ಲಿ ಎನ್ನುವ ಸಿಗಡಿ, ಮೀನು ಗದ್ದೆಯೊಳಗೆ ಬರುತ್ತವೆ. ಊರಿನ ಪರವಾಗಿ ಈ ಬಾಗಿಲನ್ನು ನೋಡಿಕೊಳ್ಳುವ ಹೊಣೆ ನಮ್ಮ ಮನೆಯದು. ಅಪ್ಪ ಹಮ್ಮಣ್ಣ ಮೀಸೆ ಮೂಡುವ ಮೊದಲೇ ಆ ಹಲಗೆಗಳಿಗೆ ಕೈ ಹಚ್ಚಿದವರು. ಅವರು ಗಡಿಯಾರ ಕಟ್ಟಿದವರಲ್ಲ. ತಿಥಿ ಒಂದು ತಿಳಿದಿದ್ದರೆ ಸಾಕು, ಉಳಿದದ್ದು ಅವರ ಮೈಗೆ ಗೊತ್ತಿತ್ತು. ಅಂಥವರು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಒಲೆಯ ಬುಡದಲ್ಲಿ ಕುಳಿತು ಕೇಳುವುದೆಂದರೆ, ಅವರೊಳಗಿನ ಕಟ್ಟೆಯೊಂದು ಎಲ್ಲಿಯೋ ಬಿರುಕು ಬಿಟ್ಟಿದೆ ಎಂದೇ ಅರ್ಥ.

ಇದನ್ನು ಓದುತ್ತಿರುವವರ ಮನೆಯಲ್ಲಿಯೂ ಇಂಥ ಒಂದು ಪ್ರಶ್ನೆ ಯಾವುದೋ ಬೆಳಿಗ್ಗೆ ಹುಟ್ಟಿರಬಹುದು. ನೀವು ನಕ್ಕಿರಬಹುದು, ಗದರಿರಬಹುದು, ಕೇಳಿಸಲಿಲ್ಲವೆಂಬಂತೆ ಒಳಗೆ ಹೋಗಿರಬಹುದು. ನಾವು ಈ ಮೂರನ್ನೂ ಮಾಡಿದ್ದೇವೆ. ಆ ದಾರಿಯಲ್ಲಿ ಕಂಡ ತಪ್ಪುಗಳನ್ನು ಅವುಗಳ ಹೆಸರಿನಿಂದಲೇ ಕರೆಯಬೇಕೆಂಬುದು ಈ ಬರಹದ ಉದ್ದೇಶ. ಹೆಸರಿಲ್ಲದ ತಪ್ಪು ಮನೆಯಲ್ಲಿ ಸಂಪ್ರದಾಯವಾಗಿ ಕುಳಿತುಬಿಡುತ್ತದೆ.

ನಾನು ಕಾರವಾರದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಬಿಣಗಾದಲ್ಲಿ ವಾಸ. ಮಹಿಳೆಯರ ಸಂಘಟನೆಯಲ್ಲಿ ಬಹಳ ಕಾಲದಿಂದ ಇದ್ದೇನೆ. ಅನ್ಯಾಯ ಎಂಬ ಶಬ್ದ ನನ್ನ ಬಾಯಿಗೆ ಬೇಗ ಬರುತ್ತದೆ ಎಂದು ಅಣ್ಣ ವಸಂತನ ದೂರು. ಬರಬೇಕಾದಲ್ಲಿ ಬರಲಿ ಎಂಬುದು ನನ್ನ ಉತ್ತರ.

ಮೊದಲ ಅನ್ಯಾಯ ಒಂದು ಶಬ್ದದ್ದು. ಅಪ್ಪ ಉಂಡು ಕೈ ತೊಳೆದು ಬಂದು ಮತ್ತೆ ಊಟ ಕೇಳಿದಾಗ, ಅತ್ತಿಗೆಯನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆದಾಗ, ಬಂದುಹೋಗುವವರೆಲ್ಲ “ಅರಳುಮರಳು” ಎಂದು ನಕ್ಕರು. ಆ ಶಬ್ದ ಕೇಳಲು ಮೃದುವಾಗಿದೆ. ಮಾಡುವ ಕೆಲಸ ಕ್ರೂರವಾದದ್ದು. ರೋಗವನ್ನು ಸ್ವಭಾವವಾಗಿಸಿ, ವೈದ್ಯರ ಬಳಿ ಹೋಗುವ ದಾರಿಯನ್ನು ಅದು ಮುಚ್ಚಿಬಿಡುತ್ತದೆ. ಕಾರವಾರದ ಒಂದು ಖಾಸಗಿ ದವಾಖಾನೆಯಲ್ಲಿಯೂ ಅದೇ ಮಾತಿನ ಸುಶಿಕ್ಷಿತ ರೂಪ ಸಿಕ್ಕಿತು: ವಯಸ್ಸಿಗೆ ಇದು ಸಹಜ. ಆ ಮಾತನ್ನು ನಂಬಿ ನಾವು ಒಂದಿಷ್ಟು ತಿಂಗಳು ಕಳೆದುಕೊಂಡೆವು.

ಬೇಸಿಗೆ ರಜೆಯಲ್ಲಿ ಅಪ್ಪನನ್ನು ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಮಿದುಳಿನ ವೈದ್ಯರನ್ನು ಕಾಣಲು ಒಬ್ಬ ಮುದುಕ ನಸುಕಿನಲ್ಲಿ ಎದ್ದು ಅಷ್ಟು ದೂರ ಬಸ್ಸಿನಲ್ಲಿ ಕುಳಿತಿರಬೇಕಾಗಿರುವುದು ಎರಡನೆಯ ಅನ್ಯಾಯ. ಅದಕ್ಕೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಲಾಗದು; ಹೊಣೆ ಯಾರದೂ ಅಲ್ಲವೆಂಬಂತೆ ಎಲ್ಲರೂ ನಡೆದುಕೊಳ್ಳುವುದೇ ಅದರ ಲಕ್ಷಣ.

ಕಾಯುವ ಕೊಠಡಿಯಲ್ಲಿ ಪ್ರತಿ ರೋಗಿಯ ಪಕ್ಕದಲ್ಲಿಯೂ ಒಂದು ಪ್ಲಾಸ್ಟಿಕ್ ಚೀಲ, ಮತ್ತು ರೋಗಿಯ ಬದಲಿಗೆ ಉತ್ತರ ಹೇಳುವ ಒಬ್ಬ ಸಂಬಂಧಿ. ಅಪ್ಪನ ಪಕ್ಕದ ಕುರ್ಚಿಯಲ್ಲಿ ಕಾರವಾರದ ಕಡೆಯ ಒಬ್ಬ ಕೊಂಕಣಿ ಅಜ್ಜಿ ಇದ್ದರು. ಅವರು ತಿರುಗಿ, “ಗಾಂವ ಖಂಯ್ಚೊ?” ಎಂದು ಊರು ಕೇಳಿದರು. ಅಪ್ಪ, “ಬೊಬ್ರುವಾಡ” ಎಂದರು. ಅಜ್ಜಿ ಸಂತೋಷದಿಂದ ತಲೆಯಾಡಿಸಿದರು. ತುಸು ಹೊತ್ತಾದ ಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅಷ್ಟೇ ಹುರುಪಿನ ಉತ್ತರ, ಮತ್ತೆ ಅದೇ ಸಂತೋಷ. ಅಜ್ಜಿಯ ಸೊಸೆ ನಾಚಿಕೆಯಿಂದ ತಡೆಯಹೋದಳು. ನಾನು ಅವಳ ಕೈ ಹಿಡಿದು ಬೇಡವೆಂದೆ. ಆ ಕೊಠಡಿಯಲ್ಲಿ ಯಾರೂ ಯಾರನ್ನೂ ತಿದ್ದದ ಮಾತುಕತೆ ಅದೊಂದೇ ಆಗಿತ್ತು.

ವೈದ್ಯೆ ಕಿರಿಯಳು, ದಣಿದಿದ್ದಳು. ಅಪ್ಪನ ತಲೆಯ ಮೇಲಿಂದ ನನ್ನನ್ನು ನೋಡುತ್ತ ಕೇಳಿದಳು: “ಇವರು ತಾವೇ ಬಟ್ಟೆ ಹಾಕ್ಕೋತಾರಾ?”

ಅಪ್ಪ ತಮ್ಮ ಅಂಗಿಯನ್ನು ಒಮ್ಮೆ, ಅವಳ ಮುಖವನ್ನು ಒಮ್ಮೆ ನೋಡಿದರು. “ಹಾಕ್ಕಂಡೇ ಬಂದಿದ್ನಲ್ರಾ. ಕಾಣುದಿಲ್ವಾ ನಿಮ್ಗೆ?”

ಅವಳು ಕೆಂಪಾದಳು. ಮರುಗಳಿಗೆ ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡು, ಉಳಿದ ಪ್ರಶ್ನೆಗಳನ್ನೆಲ್ಲ ಅವರಿಗೇ ಕೇಳಿದಳು. ಉತ್ತರ ಬರುವವರೆಗೆ ಕಾದಳು. ರೋಗಿಯ ತಲೆಯ ಮೇಲಿಂದ ಮಾತನಾಡುವುದನ್ನು ನಾನು ಮೂರನೆಯ ಅನ್ಯಾಯವೆಂದು ಕರೆಯುವವಳಿದ್ದೆ. ಅವಳು ಅಷ್ಟು ಬೇಗ ತಿದ್ದಿಕೊಂಡಿದ್ದರಿಂದ ಅದನ್ನು ಆ ದಿನ ಸಿಕ್ಕ ಕರುಣೆಯ ಲೆಕ್ಕಕ್ಕೆ ಹಾಕುತ್ತೇನೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟು: ಇದು ಡಿಮೆನ್ಶಿಯಾ, ಹೋದದ್ದು ತಿರುಗಿ ಬರುವುದಿಲ್ಲ, ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ಮನೆಯಲ್ಲಿ ಇವರನ್ನು ಎಲ್ಲದರಲ್ಲಿಯೂ ಸೇರಿಸಿಕೊಂಡಿರಿ.

ಮರಳುವ ಬಸ್ಸಿನಲ್ಲಿ ಅಪ್ಪ ಕೇಳಿದರು: “ಎಂತ ಹೇಳ್ದಳು ಡಾಕ್ಟರ್ತಿ?”

ಸುಳ್ಳು ಹೇಳಲಾರದೆ ಹೇಳಿದೆ: “ಮರೆವಿನ ಕಾಯಿಲೆ ಅಂದ್ಲು ಅಪ್ಪ. ಹೆಚ್ಚಾಗ್ತದೆ ಅಂದ್ಲು.”

ಅವರು ಕಿಟಕಿಯಾಚೆ ನೋಡಿದರು. “ಹಾಂಗಾದ್ರೆ ಅವ್ಳು ಹೇಳಿದ್ದೂ ಮರ್ತುಹೋಗ್ತದೆ. ಬಿಡು.”

ಮನೆಯಲ್ಲಿ ಅಣ್ಣ ಅಂಗಳದಲ್ಲೇ ಕಾಯುತ್ತಿದ್ದ. ಎಲ್ಲ ಕೇಳಿದ ಮೇಲೆ ಅವನು ಆಡಿದ ಮೊದಲ ಮಾತು: “ಊರಲ್ಲಿ ಯಾರಿಗೂ ಹೇಳುಕಿಲ್ಲ.” ಅವನ ಭಯಕ್ಕೆ ಆಧಾರವಿತ್ತು. ಬಾಗಿಲು ಕಾಯುವವನ ತಲೆ ನೆಟ್ಟಗಿಲ್ಲ ಎಂದು ತಿಳಿದರೆ, ಇಡೀ ಬಯಲಿನವರ ನಿದ್ದೆ ಕೆಡುತ್ತದೆ. ಆದರೂ ಮುಚ್ಚಿಡುವುದು ತಪ್ಪು. ರೋಗವನ್ನು ಮುಚ್ಚಿಡಹೊರಟವರು ಕೊನೆಗೆ ರೋಗಿಯನ್ನೇ ಮುಚ್ಚಿಡುತ್ತಾರೆ.

ಹಾಗೆಯೇ ಆಯಿತು. ಆ ವರ್ಷದ ಹೊಸ್ತಿನ ಹಬ್ಬದಲ್ಲಿ ಹೊಸ ಕದಿರನ್ನು ಮನೆಯೊಳಗೆ ತಂದು ಬಾಗಿಲಿಗೆ ಕಟ್ಟಬೇಕಾದವರು ಮನೆಯ ಹಿರಿಯರಾದ ಅಪ್ಪ. ಕಟ್ಟಿದವನು ಅಣ್ಣ. ನೆಂಟರು ಬಂದಾಗ ಅಪ್ಪನ ಎಲೆಯನ್ನು ಒಳಗಿನ ಕೋಣೆಯಲ್ಲಿ ಹಾಕಿದರು, ಕೇಳಿದವರಿಗೆಲ್ಲ ಜ್ವರವೆಂದರು. ನಾವೆಲ್ಲ ಪಂಕ್ತಿಯಲ್ಲಿ ಕುಳಿತಿರುವಾಗ ಒಳಗಿನಿಂದ ದನಿ ಬಂತು: “ಯಾರ ಮನೆ ಹೊಸ್ತನೆ ಇಂದು? ನಮ್ಮನ್ನ ಕರೀಲಿಲ್ವಾ?”

ನೆಂಟರು ಎಲೆ ನೋಡಿಕೊಂಡರು. ನಾನು ಎದ್ದುಹೋಗಿ ಅಪ್ಪನ ಎಲೆಯನ್ನು ಎತ್ತಿ ತಂದು ಪಂಕ್ತಿಯ ತುದಿಗೆ ಹಾಕಿದೆ, ಅವರನ್ನು ಕರೆತಂದು ಕೂಡಿಸಿದೆ. ಅವರು ಪಾಯಸವನ್ನು ಸಾರಿನೊಳಗೆ ಕಲಸಿ ಉಂಡರು. ಆಕಾಶವೇನೂ ಬೀಳಲಿಲ್ಲ.

ನೆಂಟರು ಹೋದ ಮೇಲೆ ಅಣ್ಣನೊಡನೆ ನಡೆದ ಜಗಳದ ಫಲವಾಗಿ ಮನೆಯಲ್ಲಿ ಕೆಲವು ಬದಲಾವಣೆ ಬಂದವು. ಅಪ್ಪ ಎಲ್ಲರೊಡನೆ ಉಣ್ಣತೊಡಗಿದರು. ಬಂದವರಿಗೆ ಕಾಯಿಲೆಯ ಹೆಸರನ್ನೇ ಹೇಳತೊಡಗಿದೆವು. ಒಣ ಶೆಟ್ಲಿ ಆರಿಸುವ ಕೆಲಸ ಅಪ್ಪನದಾಯಿತು. ಮೊರವನ್ನು ಮುಂದಿಟ್ಟುಕೊಂಡು ಕಸವನ್ನು ಜೋಪಾನವಾಗಿ ಒಂದು ಕಡೆ ಗುಡ್ಡೆ ಹಾಕಿ, ದಪ್ಪ ಶೆಟ್ಲಿಗಳನ್ನೆಲ್ಲ ಬೆಕ್ಕಿಗೆ ಎಸೆಯುತ್ತಿದ್ದರು. “ಮಾವ ದುಡಿದ ಸಂಬಳವೆಲ್ಲ ಬೆಕ್ಕಿಗೇ,” ಎಂದು ಅತ್ತಿಗೆ ಹೇಳುತ್ತಿದ್ದಳು. ಆ ನಗೆ ಬೇರೆಯದು. ಅದರಲ್ಲಿ ಅಪ್ಪನೂ ಇದ್ದರು.

ಇಲ್ಲಿ ಇನ್ನೊಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಅಪ್ಪನ ಸ್ನಾನ, ಮಾತ್ರೆ, ಒದ್ದೆಯಾದ ಹಾಸಿಗೆ, ಎಲ್ಲವೂ ಅತ್ತಿಗೆಯ ಪಾಲಿಗೆ ಬಂದಿದ್ದವು. ಅವಳನ್ನು ಯಾರೂ ಕೇಳಿರಲಿಲ್ಲ. ಅಣ್ಣ ಒಂದು ದಿನ ಅಪ್ಪನಿಗೆ ಅಂಗಿ ತೊಡಿಸಿದರೆ ಅದು ಸಹಾಯ ಎನಿಸಿಕೊಳ್ಳುತ್ತಿತ್ತು. ಅವಳು ನಿತ್ಯ ತೊಡಿಸಿದ್ದಕ್ಕೆ ಹೆಸರೇ ಇರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಅಪ್ಪ ಮನೆಯಿಂದ ಮಾಯವಾಗತೊಡಗಿದರು. ಹುಡುಕುವಷ್ಟರಲ್ಲಿ ತಾವೇ ಬಂದು ಜಗಲಿಯ ಮೇಲೆ ಕುಳಿತಿರುತ್ತಿದ್ದರು, ಪಂಚೆ ಮೊಣಕಾಲಿನವರೆಗೆ ಒದ್ದೆ, ಕಾಲ್ಬೆರಳುಗಳ ಸಂದಿಯಲ್ಲಿ ಹಳ್ಳದ ಕಪ್ಪು ಕೆಸರು. ಎಲ್ಲಿಗೆ ಹೋಗಿದ್ದಿರಿ ಎಂದರೆ ತಮ್ಮ ಕಾಲನ್ನೇ ಅಚ್ಚರಿಯಿಂದ ನೋಡುತ್ತಿದ್ದರು. ಬಾಗಿಲಿನ ಕೆಲಸವನ್ನು ಅಷ್ಟರಲ್ಲಿ ಅಣ್ಣ ವಹಿಸಿಕೊಂಡಿದ್ದ. ಅಂಕೋಲೆಯ ಕಚೇರಿಗೆ ಹೋಗುವ ಮೊದಲು ಒಮ್ಮೆ, ಬಂದ ಮೇಲೆ ಒಮ್ಮೆ ಕಟ್ಟೆಗೆ ಹೋಗಿ ಬರುತ್ತಿದ್ದ. ನೀರಿನ ಹೊತ್ತು ಅವನ ಹೊತ್ತಿಗೆ ಕೂಡಿಬಾರದ ದಿನ ನೆರೆಯವರನ್ನು ಬೇಡುತ್ತಿದ್ದ.

ಶ್ರಾವಣದ ಅಮಾವಾಸ್ಯೆಯ ಆಸುಪಾಸು ಅದು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಗಜನಿಯಲ್ಲಿ ಪೈರು ಹಸಿರಾಗಿ ನಿಂತಿತ್ತು. ಅಮಾವಾಸ್ಯೆಯ ದೊಡ್ಡ ಭರತಿ ಹಳ್ಳದಲ್ಲಿ ಏರುತ್ತಿತ್ತು. ಅಣ್ಣ ಕಚೇರಿಯಲ್ಲಿದ್ದ, ಅತ್ತಿಗೆ ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿದ್ದಳು. ಯಾರೋ ಕಟ್ಟೆಯ ಕಡೆಯಿಂದ ಕೂಗಿದ್ದು ಕೇಳಿ ಅವಳು ಓಡಿಹೋಗುವಷ್ಟರಲ್ಲಿ, ಹಸಿರಿನ ನಡುವೆ ಬಯಲು ಕನ್ನಡಿಯ ಹಾಗೆ ಹೊಳೆಯತೊಡಗಿತ್ತು. ಹಲಗೆಗಳು ಕಟ್ಟೆಯ ಮೇಲೆ ನೀಟಾಗಿ ಒಂದರ ಪಕ್ಕ ಒಂದು ಇದ್ದವು. ಅವುಗಳ ಪಕ್ಕ ತೊಯ್ದ ಪಂಚೆಯಲ್ಲಿ ಅಪ್ಪ ಕುಳಿತಿದ್ದರು. ಅಷ್ಟು ತೃಪ್ತಿಯ ಮುಖವನ್ನು ತಾನು ಬಹಳ ದಿನಗಳಿಂದ ಕಂಡಿರಲಿಲ್ಲ ಎಂದಳು ಅತ್ತಿಗೆ. “ಬಾಗ್ಲು ತೆಗ್ದೆ ಕಾಣು. ಈ ಸಲ ಶೆಟ್ಲಿ ಚಲೋ ಬತ್ತದೆ.”

ಅಪ್ಪನ ಕೈ ತಪ್ಪಿರಲಿಲ್ಲ. ಏರುವ ನೀರಿಗೆ ಹಲಗೆಯನ್ನು ಯಾವ ಕ್ರಮದಲ್ಲಿ ತೆಗೆಯಬೇಕೋ ಅದೇ ಕ್ರಮದಲ್ಲಿ ತೆಗೆದಿದ್ದರು. ಕೊಯ್ಲಾದ ಮೇಲೆ ಅವರು ಇದನ್ನೇ ಮಾಡಿದ್ದರೆ ಊರು ಹೊಗಳುತ್ತಿತ್ತು. ತಪ್ಪಿದ್ದು ಹಂಗಾಮು. ಅವರ ತಲೆಯೊಳಗೆ ಭತ್ತದ ಕೊಯ್ಲು ಮುಗಿದುಹೋಗಿತ್ತು. ಹೊರಗೆ ಊರಿನ ವರ್ಷದ ಅನ್ನ ಉಪ್ಪುನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿತ್ತು.

ಫೋನು ಬಂದೊಡನೆ ನಾನು ಶಾಲೆಯಿಂದ ಹೊರಟೆ. ಕಾರವಾರದಿಂದ ಅಂಕೋಲೆಯವರೆಗೂ ಹೆದ್ದಾರಿಯ ಬದಿಯಲ್ಲಿ ಆಗಾಗ ಸಮುದ್ರ ಕಾಣುತ್ತದೆ. ನಿತ್ಯ ನೋಡುವ ಆ ನೀರನ್ನು ಅಂದು ನೋಡಲಾಗಲಿಲ್ಲ.

ಅಂಗಳದಲ್ಲಿ ಜನ ಸೇರಿದ್ದರು. ಹಲಗೆಗಳನ್ನು ಮತ್ತೆ ಇಳಿಸಿದ್ದರು. ಇಳಿತಕ್ಕೆ ಕಾದು ನೀರನ್ನು ಹೊರಬಿಡಬೇಕಾಗಿತ್ತು. ಆದರೆ ನೀರು ಹೋದರೂ ಉಪ್ಪು ಮಣ್ಣಿನಲ್ಲಿ ಉಳಿಯುತ್ತದೆ. ಅದನ್ನು ತೊಳೆಯುವುದು ಮಳೆಯೊಂದೇ. ಕಗ್ಗ ಬಿತ್ತಿದವರಿಗೆ ಆಸೆಯಿತ್ತು. ಕಗ್ಗ ನಮ್ಮ ಗಜನಿಯ ಹಳೆಯ ತಳಿ, ಉಪ್ಪನ್ನು ಸ್ವಲ್ಪ ದಿನ ತಡೆದುಕೊಳ್ಳುತ್ತದೆ. ಬಯಲಿನ ತೀರ ತಗ್ಗಿನಲ್ಲಿ ಗದ್ದೆಯಿದ್ದ ದೇವಕ್ಕ ಮಾತ್ರ ಆ ವರ್ಷ ಹೆಚ್ಚು ಇಳುವರಿಯ ಹೊಸ ಬೀಜ ಹಾಕಿದ್ದಳು.

“ವಸಂತ, ನಿಮ್ಮಪ್ಪಗೆ ಒಂದು ಹಗ್ಗ ಕಟ್ಟೋ ಮಾರಾಯ,” ಎಂದ ಒಬ್ಬ. ಕೆಲವರು ನಕ್ಕರು. ಅಪ್ಪ ಜಗಲಿಯ ಮೇಲೆ ಕುಳಿತು, ಮನೆಗೆ ಇಷ್ಟು ಜನ ಬಂದರಲ್ಲ ಎಂಬ ಖುಷಿಯಲ್ಲಿ ಅವರೊಡನೆ ತಾವೂ ನಕ್ಕರು.

ಮನುಷ್ಯನನ್ನು ದನದಂತೆ ಕಟ್ಟುವ ಮಾತು ಆಡಬಾರದೆಂದು ನಾನು ಹೇಳತೊಡಗಿದೆ. ಕಾಯಿಲೆಯ ಬಗ್ಗೆ, ಹಕ್ಕಿನ ಬಗ್ಗೆ, ಘನತೆಯ ಬಗ್ಗೆ ಹೇಳಿದೆ. ದೇವಕ್ಕ ನಡುವೆಯೇ ತಡೆದಳು.

“ನೀ ಹೇಳುದೆಲ್ಲ ಸತ್ಯವೇ ಮೀನಾಕ್ಷಿ. ಆದ್ರೆ ನೀ ಬಿಣಗಾದಲ್ಲಿ ಉಳ್ಕಂಡು ಹೇಳ್ತೆ. ಇಲ್ಲಿ ಸತ್ತದ್ದು ನನ್ನ ಗದ್ದೆ. ನಿಮ್ಮಪ್ಪನ ಕೂಡೆ ನಿಲ್ಲುಕೆ ಯಾರಿದ್ರು ಹೇಳು? ಅದೊಂದು ಹೇಳು, ಉಳ್ದದ್ದೆಲ್ಲ ನಾ ಒಪ್ತೆ.”

ಜನ ಚದುರಿದ ಮೇಲೆ ಅಣ್ಣ ಅಂಕೋಲೆಯ ಪೇಟೆಗೆ ಹೋಗಿ ಬಂದ. ಒಳಗಿನ ಕೋಣೆಯ ಬಾಗಿಲಿಗೆ, ಹೊರಗಿನ ಬದಿಯಲ್ಲಿ, ಕಬ್ಬಿಣದ ಒಂದು ಚಿಲಕವನ್ನು ತಾನೇ ಕುಳಿತು ಬಡಿದ. ಪ್ರತಿ ಪೆಟ್ಟಿಗೂ ಒಳಗಿನಿಂದ ಅಪ್ಪ, “ಯಾರದು? ಒಳ್ಗೆ ಬನ್ನಿ,” ಎನ್ನುತ್ತಿದ್ದರು.

“ಇದು ಜೈಲು ವಸಂತಣ್ಣ,” ಎಂದೆ.

ಅವನು ಸುತ್ತಿಗೆ ಕೆಳಗಿಡಲಿಲ್ಲ. “ಗದ್ದೆ ಹೋದ್ರೆ ಹೋಗ್ಲಿ. ನಾಳೆ ಅಪ್ಪ ನೀರಿಗೆ ಬಿದ್ರೆ, ನೀ ಬಂದು ಭಾಷಣ ಮಾಡ್ತೆ. ಇಳ್ದು ಹುಡುಕುದು ನಾ.”

ಅವನ ದನಿ ಒಡೆದದ್ದು ಸಿಟ್ಟಿನಿಂದಲ್ಲ ಎಂಬುದು ನನಗೆ ತಿಳಿಯದೆ ಇರಲಿಲ್ಲ. ಆದರೂ ಹೇಳುತ್ತೇನೆ: ಭಯದಿಂದ ಮಾಡಿದ ಅನ್ಯಾಯವೂ ಅನ್ಯಾಯವೇ.

ಅಂದಿನಿಂದ ಊರು ಮಳೆಗೆ ಕಾದು ಕುಳಿತಿತು. ಆಕಾಶ ಬೆಳಿಗ್ಗೆ ತೊಳೆದಿಟ್ಟಂತೆ ಇರುತ್ತಿತ್ತು, ಮಧ್ಯಾಹ್ನ ಉರಿಯುತ್ತಿತ್ತು. ಪೈರಿನ ತುದಿ ಹಳದಿಯಾಗಿ, ಕಂದಾಗಿ, ಬುಡದ ಕಡೆಗೆ ಒಣಗುತ್ತ ಬಂತು. ಮಣ್ಣಿನ ಮೇಲೆ ಉಪ್ಪಿನ ಬಿಳಿಯ ಹೊಪ್ಪಳೆ ಎದ್ದಿತು. ನಮ್ಮ ಮನೆಯ ಮುಂದೆ ಹಾದುಹೋಗುವವರು ಮಾತು ನಿಲ್ಲಿಸಿ ಹಾದುಹೋಗುತ್ತಿದ್ದರು. ಆ ಮೌನದೊಳಗೆ ಅಪ್ಪ ಬಾಗಿಲು ಬಡಿಯುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು.

ಶನಿವಾರ ಶಾಲೆ ಬಿಟ್ಟೊಡನೆ ಬಂದವಳು ಆ ಸದ್ದನ್ನು ಕೇಳಿದೆ. ಮುಂದಿನ ಶನಿವಾರ ಬಂದಾಗ ಸದ್ದು ನಿಂತಿತ್ತು. ಅಣ್ಣ, “ಈಗ ರೂಢಿಯಾಯ್ತು,” ಎಂದ. ರೂಢಿ ಎಂಬ ಶಬ್ದದಷ್ಟು ನನ್ನನ್ನು ಹೆದರಿಸಿದ್ದು ಆ ಮನೆಯಲ್ಲಿ ಬೇರೆ ಯಾವುದೂ ಇಲ್ಲ. ಚಿಲಕ ತೆಗೆದು ಒಳಗೆ ಹೋದೆವು. ಅಪ್ಪ ಬಾಗಿಲಿಗೆ ಮುಖ ಮಾಡಿ ನೆಲದ ಮೇಲೆ ಕುಳಿತಿದ್ದರು. ಅಣ್ಣ ಊಟದ ತಟ್ಟೆ ಮುಂದಿಟ್ಟ. ಅಪ್ಪ ತಟ್ಟೆಯನ್ನು ಮುಟ್ಟದೆ ಮಗನಿಗೆ ಎರಡೂ ಕೈ ಮುಗಿದರು.

“ಬಿಟ್ಬಿಡ್ರಾ ಸಾಯೇಬ್ರೆ. ನಾ ಇನ್ನು ಈ ಬದಿಗೆ ಬರುದಿಲ್ಲ. ಮನೇಲಿ ಮಕ್ಳು ಸಣ್ಣೋರು.”

ಅಣ್ಣ ಎದ್ದು ಹಿತ್ತಿಲಿಗೆ ಹೋದ. ಬಹಳ ಹೊತ್ತು ಬರಲಿಲ್ಲ. ಬಂದವನು ತಟ್ಟೆ ತೆಗೆದುಕೊಂಡು, ಹೊರಗೆ ಹೋಗಿ, ಮತ್ತೆ ಚಿಲಕ ಹಾಕಿದ.

ಮಳೆ ಬಂದದ್ದು ಅದರ ಮರುದಿನ. ಬಂದದ್ದು ಬಿಡದೆ ಸುರಿಯಿತು. ಜನ ಹಲಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಉಪ್ಪನ್ನು ಹೊರಗೆ ತೊಳೆದರು. ಕಗ್ಗ ಬುಡದಿಂದ ಮತ್ತೆ ಹಸಿರು ಬಿಟ್ಟಿತು. ದೇವಕ್ಕನ ಗದ್ದೆ ಚಿಗುರಲಿಲ್ಲ. ಆ ಹಸಿರಿನ ನಡುವೆ ಅದೊಂದು ಕಪ್ಪು ಚೌಕ ಉಳಿಯಿತು, ಮತ್ತು ನಮ್ಮ ಜಗಲಿಯಿಂದ ಎದ್ದು ಹಿಂದಿನ ದಾರಿಗೆ ಬಂದರೆ ಮೊದಲು ಕಾಣುವುದೂ ಅದೇ.

ದೇವಕ್ಕ ಒಂದು ದಿನ ಬಂದಳು. ಕುಳಿತುಕೊಳ್ಳಲಿಲ್ಲ. “ನಂಗೆ ಸಿಟ್ಟು ಇಳೀಲಿಲ್ಲ, ಅದು ಬೇರೆ,” ಎಂದಳು ಅಣ್ಣನಿಗೆ. “ಆದ್ರೆ ಹಮ್ಮಣ್ಣ ಮಾವ ಬಡಿಯುದು ನಮ್ಮನೆವರೆಗೂ ಕೇಳ್ತಿತ್ತು. ಈಗ ಕೇಳುದಿಲ್ಲ. ಕೇಳದೆ ನಂಗೆ ಅನ್ನ ಸೇರುದಿಲ್ಲ. ಬೀಗ ಹಾಕುದಾದ್ರೆ ಹಲಗೆಗೆ ಹಾಕೋ. ಮಾವಂಗೆ ಎಂತಕೆ?”

ಎಷ್ಟು ಸರಳವಾದ ಮಾತು. ಹಕ್ಕಿನ ಭಾಷೆಯಲ್ಲಿ ನಾನು ಹೇಳಲಾರದೆ ಹೋದದ್ದನ್ನು ಅವಳು ಸಿಟ್ಟಿನಲ್ಲಿಯೇ ಹೇಳಿದ್ದಳು. ಊರವರು ಸೇರಿ ಹಲಗೆಗಳಿಗೆ ಅಡ್ಡ ಸಲಾಕೆ ಕೂಡಿಸಿ ಬೀಗ ಹಾಕಿದರು. ಹಾಗಾಗಿ ಗದ್ದೆ ಉಳಿಯಿತು. ಚಿಲಕವೂ ಉಳಿಯಿತು, ಏಕೆಂದರೆ ಅಣ್ಣನ ಭಯ ಗದ್ದೆಯದಾಗಿರಲಿಲ್ಲ. ಬಾಗಿಲಿಗೆ ಬೀಗ ಹಾಕಬಹುದು, ಹಳ್ಳಕ್ಕೆ ಹಾಕಲಾಗುವುದಿಲ್ಲ.

ಆ ಚಿಲಕ ಈಗ ಇಲ್ಲ. ಇದನ್ನು ಬರೆಯುತ್ತಿರುವಾಗ ಕೋಣೆಯ ಕದದಲ್ಲಿ ಅದರ ಮೊಳೆಗಳ ತೂತು ಮಾತ್ರ ಉಳಿದಿದೆ. ಅಪ್ಪ ಗುಣವಾಗಿಲ್ಲ, ಆಗುವುದೂ ಇಲ್ಲ. ಮಾತು ಕಡಿಮೆಯಾಗಿದೆ, ನುಂಗುವುದು ನಿಧಾನವಾಗಿದೆ, ಕೆಲವು ಮಧ್ಯಾಹ್ನ ಗೋಡೆಯ ಮೂಲೆಯಲ್ಲಿ ಯಾವುದನ್ನೋ ನೋಡಿ ಬೆದರುತ್ತಾರೆ. ಮುಂದಿನದನ್ನು ನೆನೆದರೆ ನನಗೆ ಇಂದಿಗೂ ಹೆದರಿಕೆಯಾಗುತ್ತದೆ. ಆದರೆ ದಿನಕ್ಕೊಮ್ಮೆ ಅವರು ಕಟ್ಟೆಗೆ ಹೋಗುತ್ತಾರೆ, ಪಕ್ಕದಲ್ಲಿ ಒಬ್ಬರು ಇರುತ್ತಾರೆ. ಅಣ್ಣ, ಇಲ್ಲವೇ ಅತ್ತಿಗೆ, ರಜೆಯಲ್ಲಿ ನಾನು. ಬೆಳಗಿನ ಸ್ನಾನ ಈಗ ಅಣ್ಣನ ಪಾಲಿನದು. ಅದನ್ನು ಯಾರೂ ಸಹಾಯ ಎಂದು ಕರೆಯುವುದಿಲ್ಲ. ಇದು ನನ್ನ ವಾದದಿಂದ ಆದದ್ದಲ್ಲ. ಆದದ್ದು ಹೀಗೆ.

ದಸರಾ ರಜೆಗೆ ಬಂದು ಬೊಬ್ರುವಾಡದಲ್ಲಿಯೇ ಉಳಿದಿದ್ದೆ. ದೇವಕ್ಕನ ಪ್ರಶ್ನೆಗೆ ಮಾತಿನಲ್ಲಿ ಕೊಡಲಾಗದ ಉತ್ತರವನ್ನು ಮೈಯಿಂದ ಕೊಡಬೇಕೆಂದು ನಿಶ್ಚಯಿಸಿದ್ದೆ. ಅಣ್ಣ ಕಚೇರಿಗೆ ಹೋದ ಮೇಲೆ ಚಿಲಕ ತೆಗೆದು ಅಪ್ಪನ ಕೈ ಹಿಡಿದು ಕಟ್ಟೆಗೆ ಹೋಗುತ್ತಿದ್ದೆ. ಒಂದು ರಜೆಯ ದಿನ ಅವನು ಮನೆಯಲ್ಲಿರುವಾಗಲೇ, ಅವನ ಕಣ್ಣೆದುರೇ ಚಿಲಕ ತೆಗೆದೆ. ಭರತಿ ತಿರುಗುವ ಹೊತ್ತಾಗಿತ್ತು. ಹಲಗೆ ನೋಡಲು ಅವನೂ ಹೊರಟ. ನಮ್ಮ ಹಿಂದೆ, ಮಾತಿಲ್ಲದೆ, ಸಾಕಷ್ಟು ದೂರ ಬಿಟ್ಟು ನಡೆದು ಬಂದ.

ಕಟ್ಟೆಯ ಮೇಲೆ ಅಪ್ಪ ಶಾಂತವಾಗಿದ್ದರು. ಬಯಲಿನಲ್ಲಿ ಕಗ್ಗ ತೆನೆಯೊಡೆದು ಬಾಗಿತ್ತು. ಅಣ್ಣ ಬಾಗಿಲಿನ ಬಳಿ ಬಗ್ಗಿ ಸಲಾಕೆ ಪರೀಕ್ಷಿಸುತ್ತಿದ್ದ. ಸೆರಗು ಗಾಳಿಗೆ ಹಾರಿತೆಂದು ನಾನು ಅಪ್ಪನ ಕೈಬಿಟ್ಟು ಸೆರಗು ಎಳೆದುಕೊಂಡೆ, ಅಷ್ಟೇ. ಅವರು ಹಳ್ಳದ ಬದಿಗೆ ಇಳಿದುಬಿಟ್ಟರು. ಅವಸರವಿಲ್ಲ, ತಡವರಿಕೆಯಿಲ್ಲ, ದಿನದ ಕೆಲಸಕ್ಕೆ ಇಳಿಯುವವರಂತೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಸಮುದ್ರದ ಕಡೆಯಿಂದ ನೀರು ಬಲವಾಗಿ ಏರಿ ಬರುತ್ತಿತ್ತು.

ಕೂಗಿ ನಾನೂ ಇಳಿದೆ. ಕೆಸರು ನನ್ನ ಕಾಲನ್ನು ಹಿಡಿದು ನಿಲ್ಲಿಸಿತು. ನನಗೆ ಈಜು ಬರುವುದಿಲ್ಲ. ಸಮುದ್ರದ ಬದಿಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಈಜು ಕಲಿಸದೆ, ಗಂಡುಮಕ್ಕಳನ್ನು ಮಾತ್ರ ಹಳ್ಳಕ್ಕೆ ಬಿಟ್ಟು ಬೆಳೆಸಿದ ಆ ಪದ್ಧತಿಯ ಪೂರ್ಣ ತೂಕ ನನ್ನ ಕಾಲಿಗೆ ಅಂದು ತಿಳಿಯಿತು. ನೀರು ಅಪ್ಪನ ಎದೆಗೆ ಬಂದಾಗ ಅವರ ಪಂಚೆ ತೇಲಿ ಸುತ್ತಲೂ ಬಿಳಿಯಾಗಿ ಹರಡಿತು. ಅಣ್ಣ ಹೇಳಿದ್ದೇ ಸರಿಯಾಯಿತೆಂದು, ಕದ ತೆಗೆದ ಕೈ ನನ್ನದೆಂದು, ಆ ಕ್ಷಣ ನಾನು ನಂಬಿದೆ.

ಅಣ್ಣ ಅಂಗಿ ಪ್ಯಾಂಟಿನಲ್ಲೇ ಕಟ್ಟೆಯಿಂದ ಹಾರಿದ. ಎರಡು ಸಲ ಮುಳುಗಿ ಎದ್ದು, ಅಪ್ಪನ ತೋಳನ್ನು ಹಿಡಿದ. ಎಳೆಯಲು ನೋಡಿದ; ಅಪ್ಪ ಜಗ್ಗಲಿಲ್ಲ. ಆ ಮುದಿ ಮೈಯಲ್ಲಿ ಆ ಬಲ ಎಲ್ಲಿತ್ತೋ, ಕಾಲೂರಿ ನಿಂತುಬಿಟ್ಟರು. ಬಲವಂತ ಮಾಡಿದ್ದರೆ ಇಬ್ಬರೂ ಸುಳಿಗೆ ಬೀಳುತ್ತಿದ್ದರು. ಇಬ್ಬರೂ ಕತ್ತಿನವರೆಗಿನ ನೀರಿನಲ್ಲಿ ಎದುರುಬದುರು ನಿಂತರು. ಅಪ್ಪ ಅಣ್ಣನ ತೊಯ್ದ ತಲೆಯನ್ನು, ನಡುಗುವ ತುಟಿಯನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಕಂಡದ್ದು ಗುರುತಲ್ಲ, ಕಾಳಜಿ.

“ಯಾರ ಮಗನೋ ನೀ? ಭರತಿ ಏರುವಾಗ ನೀರಿಗೆ ಇಳಿದ್ಯಲ್ಲ. ನಿಮ್ಮಪ್ಪ ಬಯ್ಯುದಿಲ್ವಾ?”

ಅಣ್ಣ ತೋಳು ಹಿಡಿದಿದ್ದ ಕೈಯನ್ನು ಸಡಿಲಿಸಿ, ಅಪ್ಪನ ಅಂಗೈಯನ್ನು ಹುಡುಕಿ ಹಿಡಿದುಕೊಂಡ.

“ಬಯ್ತಾನೆ,” ಎಂದ. “ಅದ್ಕೇ ನೀನೂ ಬಾ. ಇಬ್ರೂ ಕೂಡೇ ಹೋದ್ರೆ ಬಯ್ಯುದಿಲ್ಲ.”